ಹಗ್ಗ ಕಡಿದರೆ ಕರಾರು ಮುಗಿಯುತ್ತದೆಯೇ?

ಸಾವಿರದ ಒಂಬೈನೂರ ಐವತ್ತಾರರ ನವೆಂಬರಿನಲ್ಲಿ ಮೈಸೂರು ರಾಜ್ಯ ದೊಡ್ಡದಾಯಿತು, ಅದಕ್ಕೊಂದು ಸಮುದ್ರವೂ ಸಿಕ್ಕಿತು. ಈ ಸಮಾಚಾರ ಪತ್ರಿಕೆ ಓದುವವರಿಗೆಲ್ಲ ಗೊತ್ತು. ಆದರೆ ಆ ಸಮುದ್ರದ ಒಂದು ತುಂಡು ಗಾವಡಗೆರೆಗೂ ಬಂದು ನಮ್ಮ ಚಿಕ್ಕಬಸಪ್ಪನ ಕೊಟ್ಟಿಗೆಯ ತೊಲೆಗೆ ನೇತುಬಿದ್ದದ್ದು ಯಾವ ಪತ್ರಿಕೆಯಲ್ಲೂ ಬರಲಿಲ್ಲ. ಆ ಲೋಪವನ್ನು ಸರಿಪಡಿಸುವುದು ಪಕ್ಕದ ಮನೆಯವನಾದ ನನ್ನ ಕರ್ತವ್ಯ.

ಚಿಕ್ಕಬಸಪ್ಪ ಒಳ್ಳೆಯ ಮನುಷ್ಯ. ಸ್ವಲ್ಪ ಗದ್ದೆ, ಸ್ವಲ್ಪ ಹೊಗೆಸೊಪ್ಪು, ಕೆಂದ ಬೂದ ಎಂಬ ಒಂದು ಜೊತೆ ಎತ್ತು, ಶಿವನಂಜಮ್ಮ ಎಂಬ ಹೆಂಡತಿ, ಪುಟ್ಟತಾಯಮ್ಮ ಎಂಬ ಒಬ್ಬಳೇ ಮಗಳು. ಅವನ ದೋಷ ಒಂದೇ. ಊರ ಹೊರಗೆ ಕೇಳಿದ ಮಾತನ್ನು ಅರ್ಧ ಮಾತ್ರ ಮನೆಗೆ ತರುತ್ತಾನೆ, ಉಳಿದರ್ಧವನ್ನು ತಾನೇ ಬೆಳೆದುಕೊಳ್ಳುತ್ತಾನೆ. ಹೊಗೆಸೊಪ್ಪಿಗಿಂತ ಆ ಬೆಳೆಯೇ ಅವನಿಗೆ ಚೆನ್ನಾಗಿ ಬರುತ್ತಿತ್ತು.

ಸುಗ್ಗಿ ಮುಗಿದ ಮೇಲೆ ಅವನ ಭಾವಮೈದ, ಕೃಷ್ಣರಾಜನಗರದಲ್ಲಿ ಅಕ್ಕಿ ವ್ಯಾಪಾರ ಮಾಡುವ ಚನ್ನಬಸವಣ್ಣ, ಒಬ್ಬನೇ ಹೋಗಲು ಬೇಸರವಾಗಿ ಅವನನ್ನು ಮಂಗಳೂರಿಗೆ ಕರೆದುಕೊಂಡು ಹೋದ. ಅಕ್ಕಿ ಕೊಳ್ಳುವ ಸಾಹುಕಾರರ ಜಗಲಿಯಲ್ಲಿ ಅವತ್ತು ಒಂದು ಪಂಚಾಯ್ತಿ ಕೂತಿತ್ತು. ಹೆಂಚು ತುಂಬಿಕೊಂಡು ಬರುತ್ತಿದ್ದ ಹಾಯಿಹಡಗೊಂದು ಗಾಳಿ ಬಿದ್ದುಹೋಗಿ ಅಳಿವೆಯ ಹೊರಗೆ ನಿಂತಿತ್ತಂತೆ. ಇಂಜಿನ್ ಇರುವ ಲಾಂಚಿನವನೊಬ್ಬ ಬಂದರಿನ ತನಕ ಎಳೆದುಕೊಡುವುದಾಗಿ ಕರಾರು ಮಾಡಿಕೊಂಡನಂತೆ. ಅರ್ಧ ದಾರಿಯಲ್ಲಿ ಹಗ್ಗ ಕಡಿದಿತ್ತು, ಬಿರುಗಾಳಿ ಎದ್ದು ಹಡಗು ಬಂಡೆಯ ಕಡೆ ತೇಲಿತ್ತು, ಲಾಂಚಿನವನು ತಿರುಗಿ ಬಂದು ಇನ್ನೊಂದು ಹಗ್ಗ ಎಸೆದು ಹಡಗನ್ನು ದಡ ಸೇರಿಸಿದ್ದ.

"ಹಗ್ಗ ಕಡಿದಾಗಲೇ ನನ್ನ ಕರಾರು ಮುಗಿಯಿತು. ಆಮೇಲೆ ನಾನು ಮಾಡಿದ್ದು ಎಳೆಯುವ ಕೆಲಸ ಅಲ್ಲ, ಉಳಿಸುವ ಕೆಲಸ. ಸಮುದ್ರದಲ್ಲಿ ಉಳಿಸಿದವನಿಗೆ ಸರಕಿನಲ್ಲಿ ಪಾಲು ಉಂಟು" ಎಂದು ಲಾಂಚಿನವನ ವಾದ.

"ನೂರು ಹಗ್ಗ ಕಡಿಯಲಿ. ಬಂದರಿನ ತನಕ ಎಂದ ಮೇಲೆ ಬಂದರಿನ ತನಕ" ಎಂದು ಹಡಗಿನವನ ವಾದ.

ಚಿಕ್ಕಬಸಪ್ಪ ಎರಡು ದಿನ ಆ ಜಗಲಿ ಬಿಟ್ಟು ಏಳಲಿಲ್ಲ. ಎರಡನೆಯ ದಿನ ಸಂಜೆ ಪಂಚರು ವೀಳ್ಯದೆಲೆ ಉಗಿದು, ಗಂಟಲು ಸರಿಮಾಡಿಕೊಂಡು, ಇನ್ನೇನು ತೀರ್ಪು ಹೇಳಬೇಕು, ಅಷ್ಟರಲ್ಲಿ ಚನ್ನಬಸವಣ್ಣ ಬಂದು, "ಬಸ್ಸು ಹೊರಡ್ತು, ಏಳು ಭಾವ" ಎಂದು ತೋಳು ಹಿಡಿದು ಎಳೆದುಕೊಂಡು ಹೋದ. ತೀರ್ಪು ಏನಾಯಿತೋ ಶಿವನೇ ಬಲ್ಲ. ಆ ಕಡಿದ ಹಗ್ಗದ ತುಂಡನ್ನು ಮಾತ್ರ ಚಿಕ್ಕಬಸಪ್ಪ ನಾವಿಕರನ್ನು ಕಾಡಿ ಬೇಡಿ ಇಸಿದುಕೊಂಡಿದ್ದ. ತುಂಡು ಎಂದರೆ ತುಂಡಲ್ಲ. ತೋಳಿನಷ್ಟು ದಪ್ಪ, ಬಸ್ಸಿನ ಮೇಲೆ ಸುತ್ತಿಟ್ಟರೆ ಎರಡು ಮೂಟೆ ಜಾಗ.

ಹಗ್ಗ ಮನೆ ಬಾಗಿಲಿಗೆ ಬಂದ ಕೂಡಲೇ ಶಿವನಂಜಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡರು.

"ಶಿವಶಿವಾ! ಮೀನಿನ ವಾಸನೆ! ಲಿಂಗ ಕಟ್ಟಿರೋರ ಮನೆಗೆ ಏನಿದು ತಂದಿರೋದು?"

"ಸಮುದ್ರ ಕಣೇ ಅದು! ಸಮುದ್ರ ಇನ್ನೇನು ಇಡ್ಲಿ ವಾಸ್ನೆ ಬಂದಾತಾ?"

ಸಮುದ್ರಕ್ಕೆ ಕೊಟ್ಟಿಗೆಯಲ್ಲಿ ಜಾಗವಾಯಿತು. ಎತ್ತುಗಳು ರಾತ್ರಿಯೆಲ್ಲ ಬುಸುಗುಟ್ಟಿದವು. ಕೊನೆಗೆ ಪುಟ್ಟತಾಯಮ್ಮ ಅದನ್ನು ಹಳ್ಳಕ್ಕೆ ಎಳೆದುಕೊಂಡು ಹೋಗಿ ಸೀಗೆಪುಡಿ ಹಾಕಿ ತಿಕ್ಕಿ ತೊಳೆದಳು. ಎತ್ತುಗಳನ್ನು ಕರುಗಳಾಗಿದ್ದಾಗಿನಿಂದ ಸಾಕಿದವಳು ಅವಳೇ. ಅವಳು ಒಂದು ಸಾರಿ "ಹೋ" ಎಂದರೆ ಕೆಂದ ಬೂದ ನಿಲ್ಲುತ್ತಿದ್ದವು. ಚಿಕ್ಕಬಸಪ್ಪ ಹತ್ತು ಸಾರಿ "ಹೋ" ಎಂದರೆ ಯಾರೋ ದಾರಿಹೋಕರು ತಿರುಗಿ ನೋಡುತ್ತಿದ್ದರು.

ಇಲ್ಲಿಯ ತನಕ ಯಾರಿಗೂ ತೊಂದರೆ ಇರಲಿಲ್ಲ. ತೊಂದರೆ ಶುರುವಾದದ್ದು ಮಂಚಯ್ಯನ ಗೊಬ್ಬರದ ಗಾಡಿ ಕೆರೆ ಕೋಡಿಯ ಕೆಸರಿನಲ್ಲಿ ಹೂತಾಗ. ನಮ್ಮ ಸೀಮೆಯಲ್ಲಿ ಒಬ್ಬನ ಗಾಡಿ ಹೂತರೆ ಇನ್ನೊಬ್ಬ ತನ್ನ ಎತ್ತು ಕಟ್ಟಿ ಎಳೆದುಕೊಡುತ್ತಾನೆ. ಅದಕ್ಕೆ ಕೊಡುವುದು ಬಿಡುವುದು ಏನಿಲ್ಲ. ಇವನ ಗಾಡಿ ಹೂತಾಗ ಅವನು ಬರುತ್ತಾನೆ, ಅಷ್ಟೇ. ನಾಟಿಗೂ ಕುಯ್ಲಿಗೂ ಮನೆ ಹೊದಿಸುವುದಕ್ಕೂ ಇದೇ ನಡೆ. ಇದಕ್ಕೆ ಮುಯ್ಯಿ ಎನ್ನುತ್ತಾರೆ. ಮಂಚಯ್ಯ ಕೂಗಿದ, ಚಿಕ್ಕಬಸಪ್ಪ ಎತ್ತು ಹೊಡೆದುಕೊಂಡು ಬಂದ, ಬಂದವನು ಕೈಕಟ್ಟಿ ನಿಂತ.

"ಎಲ್ಲಿಂದ ಎಲ್ಲೀಗಂಟ ಎಳೀಬೇಕು, ಮೊದ್ಲು ಕರಾರು ಆಗ್ಲಿ."

"ಏನಣ್ಣ ಇಂಗಂತೀಯೆ? ಈ ಕೆಸರಿಂದ ಆ ರಸ್ತೆಗೆ. ನಾಳೆ ನಿಂದು ಹೂತ್ರೆ ನಾನ್ ಬತ್ತೀನಿ, ಮುಯ್ಯಿ."

"ಮುಯ್ಯಿ ಗಿಯ್ಯಿ ಸಮುದ್ರದಲ್ಲಿ ನಡಿಯಾಕಿಲ್ಲ ಕಣ್ಲಾ. ಮಧ್ಯ ಹಗ್ಗ ಕಡಿದ್ರೆ ಯಾರ ಹೊಣೆ? ಕರಾರಿಲ್ದೆ ಎಳ್ದ್ರೆ ಅದು ಉಳ್ಸಿದಂಗೆ. ಉಳ್ಸಿದೋನಿಗೆ ಸರಕಲ್ಲಿ ಪಾಲು!"

"ಸರಕಾ? ಗೊಬ್ರ ಕಣಣ್ಣೋ ಅದು!"

"ಗೊಬ್ಬರದಲ್ಲೇ ಪಾಲು!"

ಮಂಚಯ್ಯ ಅವನ ಮುಖ ನೋಡಿದ. ಗೊಬ್ಬರವನ್ನೆಲ್ಲ ಮಂಕರಿಯಲ್ಲಿ ಇಳಿಸಿ, ಗಾಡಿಯನ್ನು ಭುಜ ಕೊಟ್ಟು ಎತ್ತಿ, ಮತ್ತೆ ತುಂಬಿಕೊಂಡು ಹೋದ. ಅವತ್ತಿನಿಂದ ಊರಿನಲ್ಲಿ ಚಿಕ್ಕಬಸಪ್ಪನ ಕೆಲಸಕ್ಕೆ ಮುಯ್ಯಾಳು ಬರುವುದು ನಿಂತಿತು. ಬದಲಿಗೆ ಎದುರು ಸಿಕ್ಕವರೆಲ್ಲ, "ಆ ಹಡಗಿನ ಕೇಸಲ್ಲಿ ಕೊನೆಗೆ ಗೆದ್ದೋರು ಯಾರಣ್ಣ? ಹಗ್ಗ ಕಡಿದ್ರೆ ಕರಾರು ಮುಗೀತದಾ ಇಲ್ವಾ?" ಎಂದು ಕೇಳುವುದು ಶುರುವಾಯಿತು. ಚಿಕ್ಕಬಸಪ್ಪ, "ಅದು ದೊಡ್ಡ ವಿಷ್ಯ, ನಿಂತ್ಕೊಂಡು ಹೇಳೋವಂಥದ್ದಲ್ಲ" ಎಂದು ಹೋಗಿಬಿಡುತ್ತಿದ್ದ. ಕೂರಿಸಿ ಕೇಳಿದರೆ ನಡೆದುಕೊಂಡು ಹೇಳಬೇಕಾದದ್ದು ಎನ್ನುತ್ತಿದ್ದ.

ಹೋಬಳಿಯ ಕಂದಾಯ ಅಧಿಕಾರಿ, ಶೇಕದಾರರಾದ ಬಸವರಾಜು ಅವರಿಗೂ ದೂರು ಹೋಯಿತು. ಹಿಂದಿನ ವರ್ಷವಾಗಿದ್ದರೆ ಅವರು ಗದರಿಸಿ ಕಳಿಸುತ್ತಿದ್ದರೋ ಏನೋ. ಆದರೆ ರಾಜ್ಯ ಹೊಸದು, ಯಾವ ಜಿಲ್ಲೆಯಿಂದ ಯಾವ ಕಾನೂನು ಬಂದು ಸೇರಿಕೊಂಡಿದೆಯೋ ಅವರಿಗೇ ತಿಳಿಯದು. ಕೋಟಿನ ಗುಂಡಿ ಹಾಕಿಕೊಂಡು ಗಂಭೀರವಾಗಿ ಹೇಳಿದರು: "ಸಮುದ್ರದ ಕಾನೂನು ಹುಣಸೂರು ತಾಲ್ಲೂಕಿಗೆ ಲಾಗೂ ಆಗುತ್ತೆ ಅಂತ ನಾನು ಹೇಳಲಾರೆ. ಆಗೋದಿಲ್ಲ ಅಂತಲೂ ಹೇಳಲಾರೆ. ಮೇಲಕ್ಕೆ ಬರೆದಿದ್ದೇನೆ." ಈ ಮಾತು ಕೇಳಿ ಚಿಕ್ಕಬಸಪ್ಪನಿಗೆ ಅರ್ಧ ಗೆದ್ದಷ್ಟು ಸಂತೋಷವಾಯಿತು.

ಶಿವನಂಜಮ್ಮನವರ ಸಂಕಟ ಬೇರೆಯೇ ಆಗಿತ್ತು. ಮಗಳಿಗೆ ಬಂದ ಎರಡು ಸಂಬಂಧ ಆಗಲೇ ಜಾರಿಹೋಗಿದ್ದವು. ಹುಡುಗಿಯನ್ನು ನೋಡಲು ಬಂದವರನ್ನು ಈ ಮನುಷ್ಯ ಕೊಟ್ಟಿಗೆಗೆ ಕರೆದುಕೊಂಡು ಹೋಗಿ ಹಗ್ಗ ತೋರಿಸಿದ್ದ. ಈಗ ಚನ್ನಬಸವಣ್ಣ ಮೂರನೆಯದನ್ನು ಗೊತ್ತುಮಾಡಿದ್ದ. ಪಿರಿಯಾಪಟ್ಟಣದ ಕಡೆಯ ಹೊಗೆಸೊಪ್ಪಿನ ಬೆಳೆಗಾರರು, ಸಿದ್ದಮಲ್ಲಪ್ಪನವರು ಎಂದು. ಮನೆತನ ಒಳ್ಳೆಯದು, ಹುಡುಗ ಓದಿದವನು, ಮೆದು ಸ್ವಭಾವ. ಅವರನ್ನು ಚಿಕ್ಕಬಸಪ್ಪ ನೋಡಿರಲಿಲ್ಲ. ಕೃತ್ತಿಕೆ ಮಳೆಯ ಒಂದು ಸೋಮವಾರ, ಎರಡು ಗಾಡಿ ಕಟ್ಟಿಕೊಂಡು ಹೆಣ್ಣು ನೋಡಲು ಬರುವುದೆಂದು ನಿಶ್ಚಯವಾಯಿತು.

"ಇದೂ ತಪ್ಪೋದ್ರೆ ನನ್ ಮಗಳಿಗೆ ಈ ಸೀಮೇಲಿ ಗಂಡು ಸಿಕ್ಕಾಕಿಲ್ಲ" ಎಂದು ಶಿವನಂಜಮ್ಮ ಹಿಂದಿನ ಸಂಜೆ ಕಣ್ಣೀರು ಹಾಕಿದರು. "ಬಂದೋರ ಮುಂದೆ ಹಡಗಿನ ಸುದ್ದಿ ಎತ್ತಲ್ಲ ಅಂತ ಲಿಂಗ ಮುಟ್ಟಿ ಹೇಳಿ."

ಚಿಕ್ಕಬಸಪ್ಪನಿಗೂ ಮಗಳೆಂದರೆ ಪ್ರಾಣ. ಲಿಂಗ ಮುಟ್ಟಿ, "ಈ ಹೊಸಲಿನ ಒಳಗೆ ಹಡಗು ಅಂದ್ರೆ ಕೇಳು" ಎಂದು ಆಣೆ ಮಾಡಿದ. ಹೊಸಲಿನ ಹೊರಗಿನ ವಿಚಾರ ಯಾರೂ ಎತ್ತಲಿಲ್ಲ.

ರಾತ್ರಿ ಮಳೆ ಚಚ್ಚಿ ಸುರಿಯಿತು. ಬೆಳಿಗ್ಗೆ ಊರ ಮುಂದಿನ ಹಳ್ಳ ಕೆಂಪಗೆ ತುಂಬಿ ಹರಿಯುತ್ತಿತ್ತು. ಹುಣಸೂರಿನಿಂದ ಬರುವ ಬಸ್ಸು ಧೈರ್ಯ ಮಾಡಿ ಹಳ್ಳಕ್ಕಿಳಿದು, ನಟ್ಟನಡುವೆ ಎರಡು ಸಾರಿ ಕೆಮ್ಮಿ, ನಿಂತುಬಿಟ್ಟಿತು. ಊರಿಗೆ ಊರೇ ದಡಕ್ಕೆ ಓಡಿತು. ನೀರು ಸೀಟಿನ ಮಟ್ಟಕ್ಕೆ ಏರುತ್ತಿತ್ತು. ಜನ ಬಸ್ಸಿನ ಮೇಲೆ ಹತ್ತಿ ಕೂತಿದ್ದರು: ಡ್ರೈವರ್ ಚಲುವಯ್ಯ, ಕೋಳಿಬುಟ್ಟಿ ತಬ್ಬಿಕೊಂಡ ಮುದುಕಿ ಚಿಕ್ಕಬೀರಮ್ಮ, ಕೆಂಪು ರುಮಾಲಿನ ಒಬ್ಬ ಯಜಮಾನರು, ಅವರ ಪಕ್ಕದಲ್ಲಿ ಸ್ಪೇರ್ ಟೈರನ್ನು ಬಲವಾಗಿ ಹಿಡಿದಿದ್ದ ಬಿಳಿ ಅಂಗಿಯ ಯುವಕ, ಇನ್ನೂ ಕೆಲವರು.

"ಎಳ್ಕೊಳ್ರಪ್ಪೋ!" ಎಂದು ಚಲುವಯ್ಯ ಕೂಗಿದ.

ಅಷ್ಟು ದೊಡ್ಡ ಬಸ್ಸನ್ನು ತಡೆಯುವ ಹಗ್ಗ ಊರಿನಲ್ಲಿ ಒಂದೇ ಇತ್ತು. ಎಲ್ಲರ ಕಣ್ಣೂ ಒಂದೇ ಮನೆಯ ಕಡೆ ತಿರುಗಿತು. ಆ ಹೊತ್ತಿಗೆ ಚಿಕ್ಕಬಸಪ್ಪ ಹೊಸ ಪಂಚೆ ಉಟ್ಟು, ಬೀಗರ ಗಾಡಿ ಎದುರುನೋಡುತ್ತ ಜಗಲಿಯಲ್ಲಿ ಕೂತಿದ್ದ. ಸುದ್ದಿ ಕಿವಿಗೆ ಬಿದ್ದದ್ದೇ ತಡ, ಹಗ್ಗ ಹೆಗಲಿಗೇರಿತು, ಎತ್ತು ಹೊರಟವು. ಅವನು ಹಳ್ಳದ ದಡದಲ್ಲಿ ನಿಂತ ಭಂಗಿ ನೋಡಬೇಕಿತ್ತು. ಜೀವಮಾನದಲ್ಲಿ ಮೊದಲ ಸಾರಿ ಅವನ ಮುಂದೆ ನೀರಿತ್ತು, ನೀರಿನಲ್ಲಿ ಹಡಗಿತ್ತು, ಕೈಯಲ್ಲಿ ಹಗ್ಗವಿತ್ತು.

"ಡ್ರೈವರ್ರೇ! ಎಳೆಯೋದು ಬ್ಯಾರೆ, ಉಳ್ಸೋದು ಬ್ಯಾರೆ! ನಿಮ್ಗೆ ಯಾವ್ದು ಬೇಕು?"

"ಯಾವ್ದಾದ್ರೂ ಸರಿ, ಬೇಗ ಮಾಡಿ ಸ್ವಾಮಿ!"

"ಯಾವ್ದಾದ್ರೂ ಸರಿ ಅನ್ನಾಕೆ ಇದೇನು ಕಾಫೀನಾ ಟೀನಾ? ಎಳೆಯೋದಾದ್ರೆ ಕರಾರು ಬೇಕು. ಎಲ್ಲಿಂದ ಎಲ್ಲೀಗಂಟ?"

"ಇಲ್ಲಿಂದ ದಡಕ್ಕೆ!"

"ಯಾವ ದಡ? ಹುಣಸೂರು ದಡನಾ, ಗಾವಡಗೆರೆ ದಡನಾ?"

"ಯಾವ ದಡ ಹತ್ರ ಆಯ್ತದೋ ಅದು!"

"ಹತ್ರ ದೂರ ಅಳ್ದೋರು ಯಾರು? ಮಂಗಳೂರಲ್ಲಿ ಇದೇ ಮಾತಿಗೆ ಎರಡು ದಿನ ಹಿಡೀತು!"

ಜನ ಕೂಗಾಡಿದರು, ಮಂಚಯ್ಯ ತಲೆ ಚಚ್ಚಿಕೊಂಡ, ಶೇಕದಾರರು ಕೊಡೆ ಹಿಡಿದು ಬಂದು "ಮೇಲಿಂದ ಉತ್ತರ ಬಂದಿಲ್ಲ" ಎಂದು ಎರಡೂ ಕಡೆಗೆ ಕೇಳುವಂತೆ ಪ್ರಕಟಿಸಿದರು. ಆಗ ಬಸ್ಸಿನ ಮೇಲಿದ್ದ ಕೆಂಪು ರುಮಾಲಿನವರು ಎದ್ದು ನಿಂತರು. ಎದ್ದು ನಿಂತ ರೀತಿಯಲ್ಲೇ ಗೊತ್ತಾಯಿತು, ಇವರಿಗೂ ವ್ಯಾಜ್ಯವೆಂದರೆ ಹಬ್ಬದೂಟ.

"ರೀ ದಡದ ಯಜಮಾನ್ರೇ! ಕರಾರು ಅಂದ್ರೆ ಎರಡು ಕಡೆಯೋರೂ ಮನಸಾರೆ ಒಪ್ಬೇಕು. ಮುಳುಗ್ತಾ ಇರೋನ ಒಪ್ಪಿಗೆ ಬಲವಂತದ ಒಪ್ಪಿಗೆ. ಅದು ಯಾವ ಕೋರ್ಟಲ್ಲೂ ನಿಲ್ಲಾಕಿಲ್ಲ!"

ಚಿಕ್ಕಬಸಪ್ಪನ ಮುಖ ಅರಳಿತು. ಇಷ್ಟು ತಿಂಗಳಿನಿಂದ ಅವನು ಹುಡುಕುತ್ತಿದ್ದದ್ದು ಇಂಥ ಒಬ್ಬ ಮನುಷ್ಯನನ್ನೇ.

"ಅಂಗಾದ್ರೆ ಕರಾರು ಬ್ಯಾಡ! ಉಳಿಸ್ತೀನಿ. ಉಳ್ಸಿದ್ಮೇಲೆ ಬಸ್ಸಲ್ಲಿರೋ ಸರಕಲ್ಲಿ ನಂಗೆ ಪಾಲು!"

"ಪಾಲಾ? ನಮ್ಮದು ಒಂದು ಬುಟ್ಟಿ ಬಾಳೆಹಣ್ಣು, ಒಂದು ಸೀರೆ. ಶುಭಕಾರ್ಯಕ್ಕೆ ಹೊಂಟಿರೋವು. ಅದ್ರಲ್ಲಿ ಹಣ್ಣಿನ ಸಿಪ್ಪೆನೂ ಸಿಕ್ಕಾಕಿಲ್ಲ!"

ಬಾಳೆಹಣ್ಣು, ಸೀರೆ, ಶುಭಕಾರ್ಯ. ಇಷ್ಟು ಕಿವಿಗೆ ಬಿದ್ದ ಮೇಲೆ ಬೇರೆ ಯಾರೇ ಆಗಿದ್ದರೂ ಒಂದು ಗಳಿಗೆ ಯೋಚಿಸುತ್ತಿದ್ದರು. ಚಿಕ್ಕಬಸಪ್ಪನ ತಲೆಯಲ್ಲಿ ಆಗ ಗಾಡಿಯಲ್ಲಿ ಬರುವ ಬೀಗರಿಗೆ ಜಾಗವಿತ್ತೇ ಹೊರತು ಬಸ್ಸಿನಲ್ಲಿ ಬರುವವರಿಗೆ ಇರಲಿಲ್ಲ.

"ನನ್ ಕೋಳಿ ಲೆಕ್ಕಕ್ಕಿಲ್ಲ ಕಣಪ್ಪೋ!" ಎಂದು ಚಿಕ್ಕಬೀರಮ್ಮ ಚೀರಿದಳು.

"ಕೋಳಿ ವಿಚಾರ ಮಂಗಳೂರಲ್ಲಿ ಬರ್ಲಿಲ್ಲ ಅಜ್ಜಿ, ಅದನ್ನ ಆಮೇಕೆ ನೋಡುವ!"

"ಯಜಮಾನ್ರೇ, ನಿಮ್ಮ ಹಗ್ಗ ಮೊದಲೇ ಕಡಿದಿರೋ ಹಗ್ಗ, ಅದರ ತುದಿ ನನಗೆ ಇಲ್ಲೀಗೇ ಕಾಣ್ತದೆ! ಅದು ಮತ್ತೆ ಕಡಿದ್ರೆ ಹೊಣೆ ಯಾರು?" ಎಂದರು ಕೆಂಪು ರುಮಾಲಿನವರು.

"ಅದೇ ಕೇಸು ಸ್ವಾಮೀ! ಅದೇ ಕೇಸು!" ಎಂದು ಚಿಕ್ಕಬಸಪ್ಪ ಸಂತೋಷ ತಡೆಯಲಾರದೆ ಕುಣಿದ.

ಬಸ್ಸು ಒಂದು ಕಡೆಗೆ ಮೆಲ್ಲಗೆ ವಾಲಿತು. ವಾದ ಮಾಡುತ್ತಿದ್ದ ಇಬ್ಬರನ್ನು ಬಿಟ್ಟು ಉಳಿದವರೆಲ್ಲ ಒಟ್ಟಿಗೆ ಕಿರುಚಿಕೊಂಡರು. ಆ ಕಿರುಚಾಟ ಮನೆಯೊಳಗೆ ಜಡೆ ಹೆಣೆಸಿಕೊಳ್ಳುತ್ತಿದ್ದ ಪುಟ್ಟತಾಯಮ್ಮನಿಗೆ ಕೇಳಿಸಿತು. ಅರ್ಧ ಜಡೆ, ಅರ್ಧ ಬಿಟ್ಟ ಕೂದಲು, ಹಾಗೇ ಓಡಿ ಬಂದಳು. ಹಿಂದೆ ಮಲ್ಲಿಗೆ ದಂಡೆ ಹಿಡಿದು ಶಿವನಂಜಮ್ಮ.

ಹುಡುಗಿ ಅಪ್ಪನನ್ನು ನೋಡಿದಳು, ಬಸ್ಸನ್ನು ನೋಡಿದಳು. ಸೆರಗು ಬಿಗಿದು, ಹಗ್ಗದ ತುದಿಯನ್ನು ಅಪ್ಪನ ಕೈಯಿಂದ ಕಸಿದುಕೊಂಡು ನೀರಿಗಿಳಿದಳು. ಎದೆಮಟ್ಟದ ನೀರಿನಲ್ಲಿ ಬಸ್ಸಿನ ಮುಂದಿನ ಕಂಬಿಗೆ ಕಟ್ಟಿ, ಸೆಳವಿನ ವಿರುದ್ಧ ಹಗ್ಗವನ್ನೇ ಹಿಡಿದು ಬಂದು, ಇನ್ನೊಂದು ತುದಿಯನ್ನು ನೊಗಕ್ಕೆ ಬಿಗಿದಳು. ಅಪ್ಪನ ಕೈಯಲ್ಲಿ ಹಿಂದಕ್ಕೆ ಹಿಂದಕ್ಕೆ ಸರಿಯುತ್ತಿದ್ದ ಎತ್ತುಗಳು ಅವಳ ದನಿ ಕೇಳಿದ ಕೂಡಲೇ ಕಿವಿ ನಿಮಿರಿಸಿದವು.

"ಕೆಂದಾ, ಬೂದಾ, ನಡೀರಪ್ಪ!"

ಹಗ್ಗ ನೀರಿನಿಂದ ಮೇಲೆದ್ದು ಬಿಗಿಯಿತು. ಬಸ್ಸು ಅಲುಗಿತು, ಬರಲಿಲ್ಲ. ಆಗ ಮಂಚಯ್ಯ ಓಡಿ ಬಂದು ಹಗ್ಗಕ್ಕೆ ಕೈ ಹಾಕಿದ.

"ನಿಮ್ಮಪ್ಪಂಗಲ್ಲ ಕಣವ್ವ, ನಿಂಗೆ! ಹೋದ್ ವರ್ಸ ನಮ್ಮ ನಾಟಿಗೆ ಬಂದಿದ್ದೆಯಲ್ಲ, ಮುಯ್ಯಿ!"

ಅವನ ಹಿಂದೆ ಊರಿನ ಗಂಡಸರೆಲ್ಲ ಬಂದರು. ಅವರಲ್ಲಿ ಯಾರ ಮನೆಯ ನಾಟಿಗೂ ಕುಯ್ಲಿಗೂ ಆ ಹುಡುಗಿ ಹೋಗದೆ ಇರಲಿಲ್ಲ. ನಾನೂ ಕೈ ಹಾಕಿದೆ. ಶೇಕದಾರರೂ ಕೊಡೆ ಮಡಿಸಿ, "ಇದು ಖಾಸಗಿಯಾಗಿ" ಎಂದು ಹೇಳಿ ಹಗ್ಗ ಹಿಡಿದರು. ಎತ್ತು ಎಳೆದವು, ಊರು ಎಳೆಯಿತು, ಬಸ್ಸು ನೀರು ಸುರಿಸುತ್ತ ಗಾವಡಗೆರೆಯ ದಡಕ್ಕೆ ಹತ್ತಿತು. ಆ ಕೇಕೆ ಹುಣಸೂರಿಗೂ ಕೇಳಿಸಿರಬೇಕು.

ಕೇಕೆ ನಿಲ್ಲುವ ಮೊದಲೇ ಕೆ.ಆರ್. ನಗರದ ಕಡೆಯಿಂದ ಸೈಕಲ್ ತುಳಿದುಕೊಂಡು ಚನ್ನಬಸವಣ್ಣ ಬಂದ. ಬಸ್ಸಿನಿಂದ ಇಳಿಯುತ್ತಿದ್ದ ಕೆಂಪು ರುಮಾಲನ್ನು ನೋಡಿ ಸೈಕಲ್ ಅಲ್ಲೇ ಬಿಟ್ಟು ಕೈಮುಗಿದ.

"ಸಿದ್ದಮಲ್ಲಪ್ಪನೋರೇ! ಗಾಡೀಲಿ ಬರ್ತೀರಿ ಅಂದಿದ್ರಿ?"

"ಮಳೆಗೆ ಗಾಡಿ ಬ್ಯಾಡ ಅಂತ ಬಸ್ಸು ಹತ್ತಿದ್ವಿ. ಚನ್ನಬಸವಣ್ಣ, ಆ ಹಗ್ಗದ ಮನುಷ್ಯ ಯಾರು?"

ಚನ್ನಬಸವಣ್ಣ ಹಗ್ಗ ನೋಡಿದ, ಭಾವನನ್ನು ನೋಡಿದ, ಎಲ್ಲ ಅರ್ಥವಾಯಿತು. "ಅವ್ರೇ... ಹುಡುಗಿ ತಂದೆ" ಎಂದ.

ಶಿವನಂಜಮ್ಮನವರ ಕೈಯಿಂದ ಮಲ್ಲಿಗೆ ದಂಡೆ ಕೆಸರಿಗೆ ಬಿತ್ತು.

"ಮುಳುಗೋ ಜನದ ಜೊತೆ ಚೌಕಾಸಿ ಮಾಡೋ ಮನೆ ಸಂಬಂಧ ನಮ್ಗೆ ಬ್ಯಾಡ" ಎಂದರು ಸಿದ್ದಮಲ್ಲಪ್ಪನವರು. "ಡ್ರೈವರ್ರೇ, ಬಸ್ಸು ತಿರುಗಿಸಿ."

"ಇಂಜಿನ್ ತುಂಬ ನೀರು ಸ್ವಾಮಿ. ತಿರುಗಿಸಿದ್ರೂ ಹಿಂದೆ ಅದೇ ಹಳ್ಳ."

ಸಿದ್ದಮಲ್ಲಪ್ಪನವರು ಹಳ್ಳವನ್ನು ನೋಡಿದರು. "ಅಂಗಾದ್ರೆ ವಾಪಸ್ ಆ ದಡಕ್ಕೆ ಎಳೀರಿ!"

"ಎಳೀತೀನಿ ಸ್ವಾಮಿ" ಎಂದ ಚಿಕ್ಕಬಸಪ್ಪ. "ಕರಾರು ಬ್ಯಾಡ, ಪಾಲು ಬ್ಯಾಡ. ತಪ್ಪು ನಂದು, ಮಗಳದಲ್ಲ. ಎಳ್ದುಕೊಡ್ತೀನಿ, ಮುಯ್ಯಿ ಅಂದ್ಕೊಳ್ಳಿ."

"ನಾನು ಎಳೆಯಾಕಿಲ್ಲ" ಎಂದಳು ಪುಟ್ಟತಾಯಮ್ಮ.

ಎಲ್ಲರೂ ತಿರುಗಿದರು. ಮೈಯಿಂದ ನೀರು ತೊಟ್ಟಿಕ್ಕುತ್ತಿತ್ತು, ಕೈ ಕೆಂದನ ಕೊರಳ ಮೇಲಿತ್ತು.

"ಮೊದ್ಲು ಹಿಂದಿಂದು ತೀರ್ಮಾನ ಆಗ್ಲಿ. ಕರಾರು ಇಲ್ಲ ಅಂತ ನೀವೇ ಅಂದ್ರಂತೆ. ಕರಾರಿಲ್ದೆ ಎಳ್ದ್ರೆ ಅದು ಉಳ್ಸಿದ್ದು. ಉಳ್ಸಿದೋರ್ಗೆ ಪಾಲು ಬರ್ಬೇಕು. ಎಳ್ದೋಳು ನಾನು."

ಸಿದ್ದಮಲ್ಲಪ್ಪನವರ ಹುಬ್ಬು ಮೇಲಕ್ಕೇರಿತು. ಅವರ ಕಣ್ಣಿನಲ್ಲಿ ಕೋಪದ ಪಕ್ಕದಲ್ಲಿ ಇನ್ನೊಂದು ಬೆಳಕು ಕಾಣಿಸಿಕೊಂಡಿತು. ಆ ಬೆಳಕನ್ನು ನಾನು ಒಳ್ಳೆಯ ವಕೀಲರ ಎದುರು ನಿಂತ ಒಳ್ಳೆಯ ವಕೀಲರಲ್ಲಿ ಮಾತ್ರ ಕಂಡಿದ್ದೇನೆ.

"ವಾದ ಸರಿಯಾಗೇ ಅದೆ" ಎಂದರು. "ಬುಟ್ಟಿ ಇಳ್ಸ್ರಪ್ಪ. ತಗೋ ಕಣವ್ವ, ಬಸ್ಸಲ್ಲಿ ಬಂದಿದ್ರಲ್ಲಿ ಯಾವ್ದು ಬೇಕೋ ಆರಿಸ್ಕೋ. ನಮ್ಮ ಋಣ ತೀರ್ಲಿ."

ಪುಟ್ಟತಾಯಮ್ಮ ಬಾಳೆಹಣ್ಣಿನ ಕಡೆ ನೋಡಲಿಲ್ಲ. ಸೀರೆಯ ಕಡೆ ನೋಡಲಿಲ್ಲ. ಕಣ್ಣೆತ್ತಿ ಬಸ್ಸಿನ ಮೇಲಕ್ಕೆ ನೋಡಿದಳು. ಅಲ್ಲಿ ಬಿಳಿ ಅಂಗಿಯ ಹುಡುಗ ಇನ್ನೂ ಸ್ಪೇರ್ ಟೈರ್ ಬಿಟ್ಟಿರಲಿಲ್ಲ. ಅವಳು ತಕ್ಷಣ ತಲೆ ಬಗ್ಗಿಸಿ ಕೆಂದನ ಕೊರಳನ್ನು ಬಲವಾಗಿ ಕೆರೆಯತೊಡಗಿದಳು. ಕೆಂದನಿಗೆ ಅಷ್ಟು ಕೆರೆತವೇನೂ ಇರಲಿಲ್ಲ.

"ಆರ್ಸಾಯ್ತು ಕಣ್ರಪ್ಪೋ!" ಎಂದು ಚಿಕ್ಕಬೀರಮ್ಮ ಕೋಳಿಬುಟ್ಟಿ ಎತ್ತಿ ಕೂಗಿದಳು. "ಆರ್ಸಾಯ್ತು! ಸದ್ಯ, ನನ್ ಕೋಳಿ ಉಳ್ಕಂಡ್ವು!"

ಹಳ್ಳದ ದಡದಲ್ಲಿ ಎದ್ದ ನಗುವಿಗೆ ಎತ್ತುಗಳೇ ಬೆದರಿದವು. ಸಿದ್ದಮಲ್ಲಪ್ಪನವರು ಮಾತ್ರ ನಗಲಿಲ್ಲ. ತಲೆಯೆತ್ತಿ ಮಗನನ್ನು ಕೇಳಿದರು: "ಏನ್ಲಾ, ಒಪ್ಪಿಗೆನಾ? ಬಲವಂತ ಏನಿಲ್ಲ."

"ಅವ್ರು ನೀರಿಗೆ ಇಳಿದಾಗ್ಲೇ ಒಪ್ಪಿದ್ದೆ ಅಪ್ಪ" ಎಂದ ಹುಡುಗ. ಅವತ್ತು ಅವನಾಡಿದ ಮೊದಲ ಮಾತು ಅದು. "ಹೇಳಾಕೆ ನೀವಿಬ್ರೂ ಎಡೆ ಕೊಡ್ಲಿಲ್ಲ."

ಸಿದ್ದಮಲ್ಲಪ್ಪನವರು ರುಮಾಲು ಬಿಚ್ಚಿ ಹಿಂಡಿ ಮತ್ತೆ ಸುತ್ತಿಕೊಂಡರು. ವ್ಯಾಜ್ಯವನ್ನು ಅಷ್ಟು ಸುಲಭವಾಗಿ ಬಿಡುವ ಜಾತಿಯವರಲ್ಲ ಅವರು.

"ಸರಿ. ಅಂಗಾದ್ರೆ ಹೊಸ ಕರಾರು ಆಗ್ಲಿ. ಎಲ್ಲಿಂದ ಎಲ್ಲೀಗಂಟ?"

"ಗಾವಡಗೆರೆಯಿಂದ ಪಿರಿಯಾಪಟ್ಣಕ್ಕೆ" ಎಂದಳು ಪುಟ್ಟತಾಯಮ್ಮ, ತಲೆ ಎತ್ತದೆ.

"ದಾರೀಲಿ ಹಗ್ಗ ಕಡಿದ್ರೆ?"

ತಿಂಗಳುಗಟ್ಟಲೆ ಊರು ಕೇಳಿದ ಪ್ರಶ್ನೆ ಅದು. ಚಿಕ್ಕಬಸಪ್ಪ ನಿಂತು, ಕೂತು, ನಡೆದು ತಪ್ಪಿಸಿಕೊಂಡ ಪ್ರಶ್ನೆ.

"ಇನ್ನೊಂದು ಹಗ್ಗ ಕಟ್ಟೋದು" ಎಂದಳು ಹುಡುಗಿ. "ಅಷ್ಟಕ್ಕೆಲ್ಲ ಕರಾರು ಮುಗಿಯಾಕಿಲ್ಲ."

ಮಂಚಯ್ಯ "ಭಲೇ" ಎಂದ. ಶಿವನಂಜಮ್ಮ ಅಳುತ್ತ ನಗುತ್ತ ಕೆಸರಿನಿಂದ ಮಲ್ಲಿಗೆ ದಂಡೆ ಎತ್ತಿಕೊಂಡರು. ಚಿಕ್ಕಬಸಪ್ಪನಂತೂ ಎರಡು ಕೈಯನ್ನೂ ಮೇಲೆತ್ತಿ ಕುಣಿದಾಡಿದ.

"ಇದೇ ತೀರ್ಪು! ಇದೇ! ಮಂಗಳೂರಲ್ಲೂ ಇದನ್ನೇ ಹೇಳಿರ್ತಾರೆ, ನಂಗೆ ಗೊತ್ತಿತ್ತು!"

"ಬೀಗ್ರೇ" ಎಂದರು ಸಿದ್ದಮಲ್ಲಪ್ಪನವರು, "ಮಂಗಳೂರು ಹಂಗಿರ್ಲಿ. ಮೊದ್ಲು ನಿಮ್ಮ ಅಳಿಯನ್ನ ಬಸ್ಸಿನ ಮ್ಯಾಲಿಂದ ಇಳ್ಸಿ."